ಮುರಿದದ್ದು ಕೈ, ಹೋದದ್ದು ಕಾಲು

ನಮ್ಮ ಕಡೆ ಯಾರಾದರೂ ಬಿದ್ದರೆ ಔಷಧಕ್ಕಿಂತ ಮೊದಲು ಬಿಸ್ಕೀಟು ಬರುತ್ತದೆ. ಇದಕ್ಕೆ ಮಾತಾಡಿಸಿಕೊಂಡು ಹೋಗುವುದು ಎಂದು ಹೆಸರು. ಕಿತ್ತೂರಿನಿಂದ, ಸವದತ್ತಿಯಿಂದ, ರಾಮದುರ್ಗದಿಂದ ಬಂಧುಗಳು ಬಸ್ಸು ಹತ್ತಿ ಬರುತ್ತಾರೆ. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ಬಿದ್ದದ್ದು ಹೇಗೆ ಎಂದು ಕೇಳುತ್ತಾರೆ. ಹಾಗೆಯೇ ಬಿದ್ದು ಸತ್ತ ಇನ್ನೊಬ್ಬರ ಸುದ್ದಿ ಹೇಳುತ್ತಾರೆ. ಚಹಾ ಕುಡಿದು ಹೋಗುತ್ತಾರೆ. ಬಾರದೆ ಉಳಿದವರ ಮೇಲಿನ ಸಿಟ್ಟು ವರ್ಷಗಟ್ಟಲೆ ಇರುತ್ತದೆ. ಇದನ್ನು ಪ್ರೀತಿ ಎನ್ನುವವರಿದ್ದಾರೆ. ನಾನು ಆ ಮಂಚದ ಮೇಲೆ ಮಲಗಿ ಎದ್ದವನು. ನನಗೆ ಅದು ಬೇರೆಯಾಗಿಯೇ ಕಂಡಿದೆ.

ಬಿದ್ದದ್ದು ಇಷ್ಟೇ. ಎಪ್ಪತ್ತು ದಾಟಿದ ಮೇಲೂ ಬೈಲಹೊಂಗಲದಲ್ಲಿ ನಾನು ಸೈಕಲ್ಲಿನಲ್ಲೇ ಓಡಾಡುತ್ತಿದ್ದೆ. ಹತ್ತಿ ಮಾರುಕಟ್ಟೆಯ ಹತ್ತಿರದ ತಿರುವಿನಲ್ಲಿ ಯಾರೋ ಟ್ರ್ಯಾಕ್ಟರ್ ತೊಳೆದಿದ್ದರು. ಗಾಲಿಗೆ ಮೆತ್ತಿದ್ದ ಎರೆಮಣ್ಣೆಲ್ಲ ರಸ್ತೆಗೆ ಇಳಿದಿತ್ತು. ಸೈಕಲ್ಲು ಜಾರಿತು, ಎಡಗೈ ಊರಿದೆ, ಮಣಿಕಟ್ಟಿನ ಎಲುಬು ಮುರಿಯಿತು. ಡಾಕ್ಟರು ಪ್ಲಾಸ್ಟರ್ ಹಾಕಿ ಹೇಳಿದರು: "ಕೈಗೆ ವಿಶ್ರಾಂತಿ ಕೊಡ್ರಿ. ಕಾಲಿಗೆ ಕೊಡಬ್ಯಾಡ್ರಿ. ದಿನಾ ಅಡ್ಡಾಡ್ರಿ." ಮಗ ನನ್ನ ಪಕ್ಕದಲ್ಲೇ ನಿಂತಿದ್ದ. ಈ ಮಾತನ್ನು ಅವನೂ ಕೇಳಿಸಿಕೊಂಡ ಎಂಬುದನ್ನು ಮೊದಲೇ ದಾಖಲಿಸಿಡುತ್ತೇನೆ.

ಮನೆಯಲ್ಲಿರುವುದು ಮಗ, ಸೊಸೆ ಮತ್ತು ನಾನು. ಹೆಂಡತಿ ತೀರಿಕೊಂಡು ಬಹಳ ವರ್ಷವಾಯಿತು. ಮಗನದು ಹೊಲಕ್ಕೆ ಬೇಕಾಗುವ ಪೈಪು, ಮೋಟಾರುಗಳ ಅಂಗಡಿ. ನಾನು ಒಂದು ದಿನಪತ್ರಿಕೆಯ ತಾಲ್ಲೂಕು ವರದಿಗಾರನಾಗಿದ್ದೆ. ನಿವೃತ್ತನಾದ ವರ್ಷ ಮಾಳಿಗೆಯ ಮೇಲೆ ಒಂದು ಖೋಲಿ ಕಟ್ಟಿಸಿಕೊಂಡೆ. ಅದಕ್ಕೆ ಹೊರಗಿನಿಂದ ಕಲ್ಲಿನ ಮೆಟ್ಟಿಲು. ಮಂಚ, ಮೇಜು, ಒಂದು ಸಣ್ಣ ಗ್ಯಾಸ್ ಒಲೆ, ನೀರಿನ ಗಡಿಗೆ. ಬೆಳಿಗ್ಗೆ ಗಡಿಗೆಗೆ ನೀರು ನಾನೇ ಒಯ್ಯುತ್ತಿದ್ದೆ, ಚಹಾ ನಾನೇ ಮಾಡಿಕೊಳ್ಳುತ್ತಿದ್ದೆ, ಬಟ್ಟೆ ಒಗೆದು ಮಾಳಿಗೆಯ ಮೇಲೇ ಹರವುತ್ತಿದ್ದೆ. ಎಷ್ಟು ಹೊತ್ತಿಗೆ ಎದ್ದೆ, ಯಾಕೆ ಇನ್ನೂ ಮಲಗಿಲ್ಲ ಎಂದು ಕೇಳುವವರು ಯಾರೂ ಇರಲಿಲ್ಲ. ಊಟಕ್ಕೆ ಮಾತ್ರ ಕೆಳಗಿಳಿಯುತ್ತಿದ್ದೆ. ಪ್ಲಾಸ್ಟರ್ ಹಾಕಿಸಿಕೊಂಡು ಬಂದ ದಿನವೂ ನಾನು ಮೆಟ್ಟಿಲು ಹತ್ತಿ ನನ್ನ ಖೋಲಿಯಲ್ಲೇ ಮಲಗಿದೆ.

ಕೆಟ್ಟದ್ದು ಕಿತ್ತೂರಿನ ತಮ್ಮ ಮತ್ತು ಅವನ ಹೆಂಡತಿ ಬಂದ ದಿನ. ನಾನು ಕಾಯಿಪಲ್ಲೆ ತರಲು ಹೋಗಿದ್ದೆ. ಚೀಲ ಹಿಡಿದು ಒಳಗೆ ಬಂದಾಗ ಅವರು ಪಡಸಾಲೆಯಲ್ಲಿ ಕೂತಿದ್ದರು. ತಮ್ಮ ನನ್ನ ಕಾಲು ನೋಡಿದ, ಚೀಲ ನೋಡಿದ, ಆಮೇಲೆ ಕೈ ನೋಡಿದ.

"ಅಣ್ಣಾ, ಅಡ್ಡಾಡಾಕತ್ತೀಯಲ್ಲ?"

ಕಳ್ಳನನ್ನು ಹಿಡಿದವನ ದನಿ.

"ಮುರದದ್ದು ಕೈ," ಎಂದೆ.

"ನಾವು ಕೆಲಸಾ ಬೊಗಸಿ ಬಿಟ್ಟು ಓಡಿ ಬಂದೀವ್ರಿ," ಎಂದಳು ಅವನ ಹೆಂಡತಿ. "ನೀವು ನೋಡಿದ್ರ ಸಂತಿ ಮಾಡಾಕತ್ತೀರಿ."

ಬಿಸ್ಕೀಟಿನ ಪುಡಾ ಅವಳ ತೊಡೆಯ ಮೇಲೆ ಬಹಳ ಹೊತ್ತು ಇತ್ತು. ಕೊಡಬೇಕೋ ಬೇಡವೋ ಎಂಬುದು ಅವಳಿಗೇ ತೀರ್ಮಾನವಾಗಲಿಲ್ಲ. ಹೋಗುವಾಗ ಸೊಸೆಯ ಕೈಗೆ ಕೊಟ್ಟಳು, ನನಗೆ ಕೊಡಲಿಲ್ಲ. ಅದಾದ ಮೇಲೆ ಸವದತ್ತಿಯಿಂದ ಅಕ್ಕ ಫೋನು ಮಾಡಿದಳು.

"ಏನೋ ತಮ್ಮಾ, ನಿನ್ನ ಬ್ಯಾನಿ ಖರೇನೋ ಸುಳ್ಳೋ? ಖರೇ ಇದ್ರ ಬರತೇನಿ. ಸುಳ್ಳಿದ್ರ ಹೇಳಿಬಿಡು. ಬಸ್ ಫುಕಟ ಐತಿ ಖರೆ, ನನ್ನ ಸೊಂಟ ಫುಕಟ ಇಲ್ಲ."

ಅಂದು ಸಂಜೆ ಸೊಸೆ ನನ್ನ ಮುಂದೆ ಬಂದು ನಿಂತಳು. "ಮಾವಾರ, ಎಲ್ಲಾರಿಗೂ ಫೋನ್ ಮಾಡಿ ಹೇಳಿದಾಕಿ ನಾನು. ಈಗ ನಾ ಸುಳ್ಳಿ ಆದ್ನಿ. ಮಂದಿ ಬಂದು ಹೋಗೂತನಕ ಪಡಸಾಲ್ಯಾಗ ಮಕ್ಕೊಂಡಿರ್ರಿ."

"ನಾಕ ದಿನದ್ದು, ಅಪ್ಪಾ," ಎಂದ ಮಗ.

ಮಂಚ ಕೆಳಗೆ ಬಂತು. ಪಡಸಾಲೆಯ ಬಾಗಿಲಿಗೆ ಎದುರಾಗಿ, ಬಂದವರಿಗೆ ಮೊದಲು ಕಾಣುವಂತೆ ಹಾಕಿದರು.

ಅದು ನಾಲ್ಕು ದಿನದ್ದಾಗಲಿಲ್ಲ. ಸುದ್ದಿ ಕೆಲವರಿಗೆ ತಡವಾಗಿ ಮುಟ್ಟಿತು. ಕೆಲವರು ಅಮಾವಾಸ್ಯೆ ಕಳೆಯಲಿ ಎಂದು ಕಾದರು. ಕೆಲವರು ಬೇರೆಯವರ ಜೊತೆ ಕೂಡಿ ಬರೋಣವೆಂದು ಕಾದರು. ಯಾರೂ ಹೇಳಿ ಬರುವುದಿಲ್ಲ. ಆದ್ದರಿಂದ ನಾನು ಸದಾ ಮಲಗಿಯೇ ಇರಬೇಕಾಯಿತು. ಗೇಟಿನ ಚಿಲಕದ ಸಪ್ಪಳವಾದರೆ ಅಡುಗೆಮನೆಯಿಂದ ಸೊಸೆಯ ದನಿ ಬರುತ್ತಿತ್ತು: "ಬಂದ್ರು, ಹೊಚ್ಚಿಗೋರ್ರಿ." ಬಿಸಿಲಿನ ದಿನಗಳು. ನಾನು ಗದ್ದದವರೆಗೆ ಚಾದರ ಎಳೆದುಕೊಂಡು ಬೆವರುತ್ತಿದ್ದೆ. ಬಂದವರು ಬೆವರು ನೋಡಿ ಜ್ವರ ಎನ್ನುತ್ತಿದ್ದರು.

ಅಕ್ಕ ಬಂದಳು. ನನಗಿಂತ ಐದಾರು ವರ್ಷ ದೊಡ್ಡವಳು. ಮಂಚದ ಅಂಚಿನಲ್ಲೇ ಕೂತು ನನ್ನ ಕಾಲು ಒತ್ತತೊಡಗಿದಳು.

"ಕೈ ಮುರದೈತಿ, ಅಕ್ಕಾ."

"ಎಲ್ಲಾ ಕೈಯಿಂದನ ಸುರು ಆಗತೈತಿ. ನಮ್ಮ ಸಿರಸಂಗಿ ಕಾಕಾಗ ಹಿಂಗ ಆತು. ಮದಲ ಕೈ, ಆಮ್ಯಾಲ ಮನಶಾನ ಹೋದ."

"ಅಂವಾ ಎತ್ತು ಹಾಯ್ದು ಸತ್ತಾನ."

"ಎತ್ತು ಹಾಯ್ದದ್ದು ಆಮ್ಯಾಲ. ಕೈ ಗಟ್ಟಿ ಇದ್ರ ಹಗ್ಗ ಬಿಡತಿದ್ನೇನು?"

ಸುದ್ದಿಯಲ್ಲಿ ಕಾರಣ ಯಾವುದು, ಪರಿಣಾಮ ಯಾವುದು ಎಂದು ಹುಡುಕುವುದು ನನ್ನ ವೃತ್ತಿಯಾಗಿತ್ತು. ಅಕ್ಕನ ಮುಂದೆ ಅದು ನಡೆಯಲಿಲ್ಲ. ಅವಳು ಹೋಗುವಾಗ ಸೊಸೆಗೆ ಹೇಳಿದ ಮಾತು ನನಗೆ ಕೇಳಿಸಿತು: "ಇಂವನ್ನ ಏಳಾಕ ಬಿಡಬ್ಯಾಡವಾ. ಎದ್ದು ಬಿದ್ರ ಮಂದಿ ನಿನಗ ಅಂತಾರ."

ಊಟ ಮಂಚಕ್ಕೇ ಬಂತು. ನೀರು ಬಂತು. ಸ್ನಾನಕ್ಕೆ ಬಚ್ಚಲವರೆಗೆ ಮಗ ತೋಳು ಹಿಡಿದು ಕರೆದೊಯ್ದ. ಮೊದಮೊದಲು ನನಗೂ ಹಿತವಾಗಿತ್ತು. ಅದನ್ನು ಬಿಟ್ಟು ಬರೆದರೆ ಸುಳ್ಳು ವರದಿಯಾಗುತ್ತದೆ. ಆಮೇಲೆ ಒಂದು ಬೆಳಿಗ್ಗೆ ಏಳುವಾಗ ಗೋಡೆ ಹಿಡಿದೆ. ಗೋಡೆ ಹಿಡಿಯುವುದು ಎಂದು ಸುರುವಾಯಿತೆಂದು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅದು ನನ್ನ ಗಮನಕ್ಕೆ ಬಾರದೆ ಒಳಗೆ ಬಂದು ಕೂತಿತ್ತು.

ಪ್ಲಾಸ್ಟರ್ ತೆಗೆಯುವ ದಿನ ಡಾಕ್ಟರು ಕೈ ನೋಡಿದರು, ಚೆನ್ನಾಗಿ ಕೂಡಿದೆ ಎಂದರು. ನಾನು ಕುರ್ಚಿಯಿಂದ ಏಳಲು ಮಗನ ಭುಜ ಹಿಡಿದದ್ದನ್ನು ಕಂಡು ಮತ್ತೆ ಕೂರಿಸಿದರು. ತೊಡೆ ಒತ್ತಿ ನೋಡಿದರು. ಅವರ ಬೆರಳು ಒಳಗೆ ಹೋಯಿತು.

"ಮುರದದ್ದು ಕೈ ಅಲ್ಲೇನ್ರಿ? ಕಾಲು ಯಾಕ ಹೋಗ್ಯಾವ?"

ಮಗ ಗೋಡೆಯ ಕ್ಯಾಲೆಂಡರು ನೋಡುತ್ತಿದ್ದ.

"ಮಂದಿ ಬರತಿದ್ರು, ಡಾಕ್ಟರ. ಮಕ್ಕೊಂಡಿದ್ನಿ."

ಅವರು ನಗಲಿಲ್ಲ. "ಈ ವಯಸ್ಸಿನಾಗ ಮಕ್ಕೊಂಡ್ರ ಮಾಂಸ ಲಗೂನ ಹೋಗತೈತಿ, ತಿರುಗಿ ಬರಾಕ ಭಾಳ ದಿನಾ ಬೇಕು. ಮಂದಿಗೆ ಹಚ್ಚೂ ಔಷಧ ನನ್ನ ಹಂತ್ಯಾಕ ಇಲ್ಲ. ನೀವ ಏನರ ಮಾಡ್ರಿ. ಕುರ್ಚಿ ಹಿಡೀಲಾರದ ಏಳೂದು, ಕೂಡೂದು ಸುರು ಮಾಡ್ರಿ. ಆಮ್ಯಾಲ ನಡೀರಿ. ಆಮ್ಯಾಲ ಮೆಟ್ಟಲ."

ನಾನು ಕೊನೆಯದರಿಂದ ಸುರು ಮಾಡಿದೆ. ಮನೆಗೆ ಬಂದವನೇ ನೇರ ಮೆಟ್ಟಿಲಿಗೆ ಹೋದೆ. ಅರ್ಧಕ್ಕೆ ಬರುವಷ್ಟರಲ್ಲಿ ಮೊಣಕಾಲು ನಡುಗಿತು, ಕೂತುಬಿಟ್ಟೆ. ಕೂತಲ್ಲಿಂದ ನನ್ನ ಖೋಲಿಯ ಕಿಟಕಿ ಕಾಣುತ್ತಿತ್ತು. ಕಿಟಕಿಯ ತುಂಬ ಕರಿ ಪೈಪು. ಹನಿ ನೀರಾವರಿಯ ಪೈಪಿನ ಸುರುಳಿಗಳನ್ನು ನೆಲದಿಂದ ಒಟ್ಟಿದ್ದರು. ನನ್ನ ಮೇಜು, ಒಲೆ, ಗಡಿಗೆ ಒಂದೂ ಕಾಣಲಿಲ್ಲ.

ಮಗ ಕೆಳಗೆ ನಿಂತಿದ್ದ.

"ನನ್ನ ಖೋಲ್ಯಾಗ ಅದೇನು?"

"ಮಳಿಗಾಲದ ಮಾಲು. ಅಂಗಡ್ಯಾಗ ಜಾಗಾ ಇಲ್ಲ. ನೀ ಹೆಂಗೂ ಇನ್ನ ಕೆಳಗ ಇರತೀಯಲ್ಲ."

"ಹಂಗಂತ ಯಾರ ಹೇಳಿದ್ರು?"

"ಯಾರ ಹೇಳಬೇಕು? ನಿನ್ನ ಕಾಲ ಹೇಳಾಕತ್ತಾವು."

"ನಾ ಹತ್ತಿ ಬಂದ್ರ ತಗೀತೀಯೇನು?"

"ಮದಲ ಇಳದು ಬಾ."

ನಾನು ಮೆಟ್ಟಿಲ ಮೇಲೆ ಕೂತು ಕೂತೇ ಜಾರಿ ಇಳಿದೆ. ಅವನು ಕೈ ಕೊಡಲು ಬಂದ, ನಾನು ಮುಟ್ಟಲಿಲ್ಲ.

ಎರಡೂ ಕಡೆಯ ಮಾತು ಬರೆಯುವುದು ನನ್ನ ಹಳೆಯ ಕಟ್ಟುಪಾಡು. ಆದ್ದರಿಂದ ಸೊಸೆಯ ಮಾತನ್ನೂ ಬರೆಯುತ್ತೇನೆ. ಅಂದು ರೊಟ್ಟಿ ಬಡಿಸುತ್ತ ಅವಳು ಹೇಳಿದಳು: "ಮಾವಾರ, ನೀವು ಮ್ಯಾಲಿಂದ ಬಿದ್ರ ಮಂದಿ ನಿಮ್ಮನ್ನ ಬೈಯೂದಿಲ್ಲ, ನನ್ನ ಬೈತಾರ. ಹಾಸಗಿ ಹಿಡದ್ರ ಹೊಲಸು ತಗದು ಹಾಕಾಕಿನೂ ನಾನ. ನಿಮಗ ಗಾಳಿ ಬೇಕು. ನನಗ ಮಾನಾ ಬೇಕು." ಇದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಸಿಟ್ಟು ಮಾತ್ರ ಕಡಿಮೆಯಾಗಲಿಲ್ಲ. ಒಬ್ಬರ ಮಾನ ಉಳಿಯಲು ಇನ್ನೊಬ್ಬರ ಕಾಲು ಹೋಗಬೇಕಾದರೆ, ಅಂಥ ಮಾನದ ಲೆಕ್ಕವೇ ಎಲ್ಲೋ ತಪ್ಪಿದೆ.

ಮರುದಿನದಿಂದ ಡಾಕ್ಟರು ಹೇಳಿದ ಕ್ರಮದಲ್ಲೇ ಹೋದೆ. ಮೊದಲು ಕಟ್ಟಿಗೆಯ ಕುರ್ಚಿ. ಕೈ ಊರದೆ ಏಳುವುದು, ನಿಧಾನ ಕೂರುವುದು. ಅದು ಬಂದ ಮೇಲೆ ಓಣಿಯ ತುದಿ. ಅದಾದ ಮೇಲೆ ಹೊಲದ ದಾರಿಯಲ್ಲಿ ಹಳ್ಳದ ಮೇಲಿನ ಸಣ್ಣ ಸೇತುವೆ. ಮುಂಗಾರಿನ ಗಾಳಿ ಎದುರಿಗೆ ಬೀಸಿದಾಗ ಮೈ ಹಿಂದಕ್ಕೆ ವಾಲುತ್ತಿತ್ತು. ಮನೆಗೆ ಬಂದ ಮೇಲೆ ದಿನವೂ ಮೆಟ್ಟಿಲು ಏರಿ, ನಡುಗುವ ಮೊದಲೇ ಇಳಿಯುತ್ತಿದ್ದೆ. ಮಗ ನೋಡಿಯೂ ನೋಡದಂತೆ ಅಂಗಡಿಗೆ ಹೋಗುತ್ತಿದ್ದ.

ಮಾತಾಡಿಸಲು ಬರುವವರು ಇನ್ನೂ ಬರುತ್ತಿದ್ದರು. ನಾನು ಮಲಗುವುದನ್ನು ಬಿಟ್ಟೆ. ಯರಗಟ್ಟಿಯಿಂದ ಬಂದ ದೂರದ ಸಂಬಂಧಿಕರೊಬ್ಬರಿಗೆ ಹೇಳಿದೆ: "ಮಾತಾಡ್ಸಾಕ ಬಂದೀರಲ್ರಿ, ನಡೀರಿ, ನಡಕೋತ ಮಾತಾಡೂಣು." ಅವರು ಕುರ್ಚಿ ಬಿಡಲಿಲ್ಲ. ನಾನು ನಡೆದು ಬರುವಷ್ಟರಲ್ಲಿ ಹೋಗಿದ್ದರು. ಅವರು ಬಿಟ್ಟುಹೋದ ಬಿಸ್ಕೀಟನ್ನು ಓಣಿಯ ನಾಯಿಗಳಿಗೆ ಹಾಕಿದೆ, ಅದೂ ಎದುರು ಮನೆಯವರು ನೋಡುತ್ತಿರುವಾಗ. ಸುದ್ದಿ ಸವದತ್ತಿಗೆ ಮುಟ್ಟಿತು.

"ನಿನಗ ಸೊಕ್ಕ ಬಂದೈತಿ," ಎಂದಳು ಅಕ್ಕ ಫೋನಿನಲ್ಲಿ.

"ಬರಲಿ, ಅಕ್ಕಾ. ಮೈಯಾಗ ಏನರ ಒಂದು ಬರಬೇಕಲ್ಲ."

ಕೊನೆಗೆ ಉಳಿದದ್ದು ಬೀಗರು, ಸೊಸೆಯ ತಂದೆ. ರಾಮದುರ್ಗದ ಕಡೆ ಹೊಲ ಮನೆ ಇರುವ ಕುಳ, ನನ್ನ ಓರಗೆಯವರು. ಮಗನ ಮದುವೆಯಾದಾಗಿನಿಂದ ನಮ್ಮಿಬ್ಬರ ನಡುವೆ ಮರ್ಯಾದೆಯ ಮಾತು ಬಿಟ್ಟರೆ ಬೇರೆ ಏನೂ ಇರಲಿಲ್ಲ. ಅವರು ಬರುವ ದಿನ ಸೊಸೆ ಮಂಚಕ್ಕೆ ಹೊಸ ಚಾದರ ಹಾಸಿದಳು.

"ಇವತ್ತೊಂದಿನ ಮಕ್ಕೊಳ್ರಿ, ಮಾವಾರ. ನಮ್ಮ ಅಪ್ಪಾರ ಕಾರು ಮಾಡಿಕೊಂಡು ಬರಾಕತ್ತಾರ. ನಾ ಇನ್ನ ಯಾವತ್ತೂ ಹೇಳೂದಿಲ್ಲ."

ನಾನು ಹೊರಗಿನ ಕಟ್ಟೆಗೆ ಹೋಗಿ ಬೂಟು ಹಾಕಿಕೊಂಡು ಕೂತೆ.

ಕಾರಿನಿಂದ ಬೀಗರು ಇಳಿದರು. ಬಿಳಿ ಧೋತರ, ಟೋಪಿ, ಭಾರದ ಮೈ. ಡ್ರೈವರ್ ಬಾಗಿಲು ತೆಗೆದು ತೋಳು ಹಿಡಿದದ್ದನ್ನು ಗಮನಿಸಿದೆ.

"ಏನ್ರಿ ಬೀಗರ, ಹಾಸಗಿ ಹಿಡದಾರ ಅಂದಿದ್ಲು ಮಗಳು. ನೀವು ನೋಡಿದ್ರ ಬೂಟ ಹಾಕ್ಕೊಂಡು ಕುಂತೀರಿ."

"ಹಾಸಗಿ ಒಳಗ ಐತ್ರಿ. ಬೇಕಾದ್ರ ನೀವು ಮಕ್ಕೊಳ್ರಿ. ನಾ ಹಳ್ಳದ ತನಕ ಹೋಗಿ ಬರತೇನಿ."

"ಅಪ್ಪಾ, ನೀವು ಒಳಗ ಬರ್ರಿ," ಎಂದಳು ಸೊಸೆ. ಅವಳ ಮುಖ ಕೆಂಪಾಗಿತ್ತು.

ಬೀಗರು ಒಳಗೆ ಹೋಗಲಿಲ್ಲ. ಮಗಳ ಮನೆಯ ಬಾಗಿಲಲ್ಲಿ, ಓಣಿಯ ಜನರೆದುರು, ಕೈ ಮುರಿದ ಬೀಗನಿಗೆ ಸೋಲಲು ಅವರಿಗೆ ಮನಸ್ಸಿರಲಿಲ್ಲ. "ನಡೀರಿ," ಎಂದರು. "ನಾ ಏನ್ ಹಳ್ಳ ನೋಡಿಲ್ಲೇನು?"

ಓಣಿ ದಾಟುವವರೆಗೆ ಅವರು ಮುಂದಿದ್ದರು. ಹೊಲದ ದಾರಿಯಲ್ಲಿ ಜೊತೆಗೆ ಬಂದರು. ಸೇತುವೆ ಕಾಣುವ ಹೊತ್ತಿಗೆ ಹಿಂದೆ ಬಿದ್ದರು. ಉಸಿರಿನ ಸಪ್ಪಳ ಕೇಳುತ್ತಿತ್ತು. ನಾನು ನಡಿಗೆ ಕಡಿಮೆ ಮಾಡಲಿಲ್ಲ. ಸೇತುವೆಯ ಗಿಡ್ಡ ಗೋಡೆಯ ಮೇಲೆ ಅವರು ಕೂತರು. ಟೋಪಿ ತೆಗೆದು ಮುಖ ಒರೆಸಿಕೊಂಡರು. ನಾನು ನಿಂತೇ ಇದ್ದೆ.

"ಕೂಡ್ರಿ," ಎಂದರು.

"ಕುಂತ ಕುಂತ ಸಾಕಾಗೈತ್ರಿ."

ಕೆಳಗೆ ಹಳ್ಳದಲ್ಲಿ ಎರಡು ಎಮ್ಮೆ ಇದ್ದವು. ಅವುಗಳನ್ನು ನೋಡುತ್ತ ಬೀಗರು ಹೇಳಿದರು: "ಹ್ವಾದ ವರ್ಸ ನಾ ಮೋಟರ್ ಸೈಕಲ್ ಮ್ಯಾಲಿಂದ ಸ್ವಲ್ಪ ಜಾರಿದ್ನಿ. ಏನೂ ಆಗಿದ್ದಿಲ್ಲ. ಮಕ್ಕಳು ಗಾಡಿ ಮಾರಿಬಿಟ್ರು. ಹೊಲಕ್ಕ ಹೋಗಬೇಕಂದ್ರ ಯಾರರ ಕರಕೊಂಡು ಹೋಗಬೇಕು. ಯಾರಿಗೂ ಹೊತ್ತಿಲ್ಲ. ಹೊಲಾ ನೋಡಲಾರದ ವರ್ಸ ಆತು."

ಅವರು ಟೋಪಿಯನ್ನು ಮತ್ತೆ ಹಾಕಿಕೊಂಡರು.

"ಖರೇ ಹೇಳಲೇನ್ರಿ ಬೀಗರ? ನೀವು ಮಕ್ಕೊಂಡದ್ದು ನೋಡಿದ್ರ ನನಗ ಸಮಾಧಾನ ಆಗತಿತ್ತು. ಅದಕ್ಕ ಬಂದಿದ್ನಿ."

ಮಾತಾಡಿಸಲು ಬಂದ ಅಷ್ಟೂ ಜನರಲ್ಲಿ ನನಗೆ ನಿಜ ಹೇಳಿದವರು ಇವರೊಬ್ಬರೇ. ಅವರ ಮೇಲೆ ನನಗೆ ಕರುಣೆ ಬರಲಿಲ್ಲ. ಆದರೆ ಬೇರೆಯವರ ಮೇಲಿದ್ದಷ್ಟು ಸಿಟ್ಟೂ ಬರಲಿಲ್ಲ. ಏಳಲು ಅವರು ಕೈ ಚಾಚಿದರು. ನಾನು ಬಲಗೈ ಕೊಟ್ಟೆ. ಅವರ ಭಾರಕ್ಕೆ ನನ್ನ ಕಾಲು ನೆಲಕ್ಕೆ ಒತ್ತಿ ನಿಂತಿತು, ಜಾರಲಿಲ್ಲ. ಆಗ ನನಗೆ ಮೆಟ್ಟಿಲ ನೆನಪಾಯಿತು.

ಮನೆಗೆ ಬಂದವನು ಪಡಸಾಲೆಗೆ ಹೋಗಲಿಲ್ಲ. ಬೀಗರನ್ನು ಅಂಗಳದ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲು ಹತ್ತಿದೆ. ಅರ್ಧಕ್ಕೆ ಬಂದಾಗ ಮೊಣಕಾಲು ನಡುಗಿತು. ಗೋಡೆ ಹಿಡಿದು ನಿಂತೆ, ಕೂರಲಿಲ್ಲ. ನಡುಕ ನಿಂತ ಮೇಲೆ ಮತ್ತೆ ಹತ್ತಿದೆ. ಬೀಗರು ಬಂದಿದ್ದಾರೆಂದು ಮಗ ಅಂಗಡಿ ಬಿಟ್ಟು ಬಂದಿದ್ದ. ಅವನು, ಸೊಸೆ ಇಬ್ಬರೂ ಅಂಗಳದಲ್ಲಿ ನಿಂತು ನೋಡುತ್ತಿದ್ದರು.

"ಬಂದೇನಿ," ಎಂದೆ ಮೇಲಿನಿಂದ. "ಮಾಲು ತಗೀ."

"ನಾಳಿ ನೋಡೂಣು, ಅಪ್ಪಾ."

ನಾನು ಚಿಲಕ ತೆಗೆದು ಒಳಗೆ ಹೋದೆ. ಪ್ಲಾಸ್ಟಿಕ್ಕಿನ ವಾಸನೆ. ಸುರುಳಿಗಳನ್ನು ಎತ್ತಲು ನನ್ನ ಎಡಗೈಗೆ ಆಗುತ್ತಿರಲಿಲ್ಲ. ಮೇಲಿನದನ್ನು ಬಲಗೈಯಿಂದ ಎಳೆದು ಕೆಡವಿ, ನೆಟ್ಟಗೆ ನಿಲ್ಲಿಸಿ, ಬಾಗಿಲವರೆಗೆ ಉರುಳಿಸಿಕೊಂಡು ಬಂದೆ. "ಅತ್ತಾಗ ಸರೀರಿ," ಎಂದು ಕೂಗಿ ಕಾಲಿನಿಂದ ತಳ್ಳಿದೆ. ಅದು ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾರಿ, ಅಂಗಳ ದಾಟಿ, ಗೇಟಿಗೆ ಬಡಿದು ಮಲಗಿತು.

"ಅಪ್ಪಾ, ಹೊಸಾ ಮಾಲು ಅದು."

"ನಾ ಹಳೇ ಮಾಲು. ನನ್ನೂ ಯಾರೂ ಕೇಳಿ ಇಟ್ಟಿಲ್ಲ."

ಇನ್ನೊಂದು ತಳ್ಳಿದೆ. ಮೂರನೆಯದು ಹಾರುವಾಗ ಬೀಗರು ನಕ್ಕರು. ಅದು ಯಾರ ಪರವಾದ ನಗು ಎಂದು ಹೇಳಲಾರೆ. ಸೊಸೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಮಗ ಸ್ವಲ್ಪ ಹೊತ್ತು ನಿಂತಿದ್ದು, ಮೇಲೆ ಬಂದು, ನನ್ನ ಮುಖ ನೋಡದೆ ಉಳಿದ ಸುರುಳಿಗಳನ್ನು ಒಂದೊಂದಾಗಿ ಹೆಗಲ ಮೇಲೆ ಹೊತ್ತು ಇಳಿಸಿದ. ಕೊನೆಗೆ ಮೇಜು ತಂದಿಟ್ಟ. ಮಂಚ ತಂದ. ಒಲೆ ತರಲಿಲ್ಲ, ಅದನ್ನು ನಾನೇ ಮರುದಿನ ಹಿತ್ತಲ ಕೋಣೆಯಿಂದ ಹುಡುಕಿ ತಂದೆ.

ಹೊರಡುವ ಮೊದಲು ಬೀಗರು ಮೆಟ್ಟಿಲ ಬುಡಕ್ಕೆ ಬಂದು ನಿಂತರು.

"ಹೆಂಗೈತ್ರಿ ಮ್ಯಾಲ?"

"ಗಾಳಿ ಐತ್ರಿ. ಬರ್ರಿ."

ಅವರು ಒಂದು ಕಾಲು ಮೊದಲ ಮೆಟ್ಟಿಲ ಮೇಲಿಟ್ಟರು. ಗೋಡೆಗೆ ಕೈ ಹಚ್ಚಿದರು. ಡ್ರೈವರ್ ಹಿಂದಿನಿಂದ ಓಡಿಬಂದು ತೋಳು ಹಿಡಿದ. "ಬ್ಯಾಡ್ರಿ ಸಾವಕಾರ, ನಿಮ್ಮ ಮಕ್ಕಳು ನನಗ ಬೈತಾರ." ಬೀಗರು ಅವನ ಕೈ ನೋಡಿದರು, ನನ್ನನ್ನು ನೋಡಿದರು, ಕಾಲು ಕೆಳಗಿಟ್ಟು ಕಾರಿನ ಕಡೆ ತಿರುಗಿದರು.

ಮಗ ಈಗಲೂ ನನ್ನೊಡನೆ ಬೇಕಾದಷ್ಟೇ ಮಾತಾಡುತ್ತಾನೆ. ಸೊಸೆ ತಟ್ಟೆಯನ್ನು ನೆಲಕ್ಕೆ ಸ್ವಲ್ಪ ಜೋರಾಗಿಯೇ ಇಡುತ್ತಾಳೆ. ನಾನು ಉಂಡು, ತಟ್ಟೆ ತೊಳೆದಿಟ್ಟು, ಗಡಿಗೆಗೆ ನೀರು ತುಂಬಿಕೊಂಡು ಮೇಲೆ ಹೋಗುತ್ತೇನೆ. ಪಡಸಾಲೆಯಲ್ಲಿ ಮಂಚವಿದ್ದ ಜಾಗ ಈಗ ಖಾಲಿ ಇದೆ. ಅಲ್ಲಿ ಅವರು ಬೇರೇನನ್ನೂ ಇಟ್ಟಿಲ್ಲ. ಯಾಕೆಂದು ನಾನು ಕೇಳಿಲ್ಲ, ಮುಂದಿನ ಸಲಕ್ಕೆಂದು ನನಗೆ ಗೊತ್ತು. ಆ ಜಾಗ ದಾಟುವಾಗ ನಾನು ಗೋಡೆ ಹಿಡಿಯುವುದಿಲ್ಲ.